ಅಪ್ಪ ಹೇಳುತ್ತಿದ್ದ ಗಂಗೆ

ಆಗೆಲ್ಲ ತಿರುಮಕೂಡಲಿನಲ್ಲಿ ಸಂಜೆಯಾದರೆ ಹೊಳೆಯ ಕಡೆಯಿಂದ ತಣ್ಣನೆಯ ಗಾಳಿ, ಮನೆಮನೆಯ ಒಲೆಯಿಂದ ಹುರುಳಿ ಹುರಿಯುವ ವಾಸನೆ. ನಾವು ಹುಡುಗಿಯರು ಅಳಗುಳಿಮಣೆ ಎತ್ತಿಟ್ಟು ಜಗಲಿಗೆ ಓಡುತ್ತಿದ್ದೆವು. ಅಪ್ಪ ಪುಸ್ತಕ ತೆಗೆಯುವ ಹೊತ್ತು ಅದು.

ಅಪ್ಪ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತರು. ಊರು ಬಿಟ್ಟ ಬಿಳಿಯ ದೊರೆಯೊಬ್ಬರ ಸಾಮಾನು ಹರಾಜಾದಾಗ ಚರ್ಮದ ರಟ್ಟಿನ ಮೂರು ಇಂಗ್ಲಿಷ್ ಸಂಪುಟಗಳನ್ನು ತಂದಿದ್ದರು. ಯಾವುದೋ ದೊಡ್ಡ ನದಿಯ ಚರಿತ್ರೆಯಂತೆ. ದೊಡ್ಡ ನದಿ ಎಂದ ಮೇಲೆ ಗಂಗೆಯೇ ಎಂದುಕೊಂಡರು. ಜಗಲಿಯಲ್ಲಿ ಸೇರಿದ ಕೇರಿಯವರಿಗೆಲ್ಲ ಪುಟ ತಿರುವುತ್ತಾ, ಚಿತ್ರ ತೋರಿಸುತ್ತಾ ಕತೆ ಹೇಳುವರು. ಒಂಟೆಗಳ ಚಿತ್ರ ಬಂದರೆ, ಅವು ಕಾಶಿಗೆ ಹೊರಟ ಯಾತ್ರಿಕರನ್ನು ಹೊತ್ತಿವೆ ಎನ್ನುವರು. ನಮಗೆ ಹಾಲು ಕೊಡುತ್ತಿದ್ದ ತಾಯವ್ವ ಕಾಶಿಗೆ ಹೋಗುವ ಆಸೆಯಲ್ಲೇ ಮುದುಕಿಯಾದವಳು, ಕೇಳುತ್ತಾ ಕಣ್ಣೊರೆಸಿಕೊಳ್ಳುವಳು. ಅಪ್ಪನ ಪಕ್ಕದಲ್ಲಿ ಕೂರಲು ನನಗೆ ಬಲು ಜಂಬ.

ಒಂದು ಸಂಜೆ ಊರಿಗೆ ಹೊಸದಾಗಿ ಬಂದಿದ್ದ ಡಾಕ್ಟರು ಜಗಲಿಗೆ ಬಂದು, ಸಂಪುಟವನ್ನು ಕೇಳಿ ತೆಗೆದುಕೊಂಡರು.

“ರಾಯರೇ, ಇದು ಗಂಗೆಯಲ್ಲ. ನೈಲ್ ಅಂತ, ಈಜಿಪ್ಟ್ ದೇಶದ ನದಿ. ನಿಮಗೆ ಇಂಗ್ಲಿಷ್ ಬರೋದಿಲ್ವೆ?”

“ಅಕ್ಷರ ಗೊತ್ತು, ಅಷ್ಟೆ,” ಎಂದರು ಅಪ್ಪ.

ಯಾರೋ ನಕ್ಕರು, ಆಮೇಲೆ ಎಲ್ಲರೂ. ತಾಯವ್ವ ಮಾತ್ರ ನಗಲಿಲ್ಲ. ನನಗೆ ಕಿವಿಯೆಲ್ಲ ಬಿಸಿಯಾಯಿತು. ಮರುದಿನ ಹೊಳೆಯ ಸೋಪಾನಕಟ್ಟೆಯಲ್ಲಿ ಗೆಳತಿಯರು, ನಿಮ್ಮಪ್ಪನ ಒಂಟೆ ಕಾಶಿ ಮುಟ್ಟಿತೇ ಎಂದು ಕೇಳಿದರು. ಕೊಡ ಅರ್ಧ ತುಂಬಿದ್ದಂತೆಯೇ ಮನೆಗೆ ಬಂದೆ. ಅಮ್ಮ ಸಂಪುಟಗಳನ್ನು ಅಟ್ಟಕ್ಕೇರಿಸಿದ್ದಳು. ಕೆಲವೇ ದಿನಗಳಲ್ಲಿ ಅಪ್ಪ ನಂಜನಗೂಡಿಗೆ ವರ್ಗ ಕೇಳಿಕೊಂಡರು.

ಹೊರಡುವ ದಿನ ಗಾಡಿಗೆ ಸಾಮಾನು ಹೇರುತ್ತಿದ್ದಾಗ ತಾಯವ್ವ ಬಂದಳು.

“ಕಾಶಿ ಮುಟ್ಟುಸ್ದೆಲೇ ಒಂಟೋಯ್ತೀರಾ ಸಾಮಿ? ಯಾವ ಒಳೆ ಆದ್ರೇನು, ಮಿಕ್ಕಿದ್ ಕತೆ ಯೋಳಿ.”

ಬೀದಿಯಲ್ಲಿ ಜನ ಸೇರಿದ್ದರು. ಅಪ್ಪ ಬರಿಗೈಯಲ್ಲಿ ಜಗಲಿಯ ಮೇಲೆ ಕೂತು ಕತೆ ಶುರುಮಾಡಿದರು. ಮತ್ತೆ ನಗುತ್ತಾರೆಂದು ನನಗೆ ನಾಚಿಕೆ. ಹಿತ್ತಿಲಿಗೆ ಓಡಿ, ಬಾವಿಕಟ್ಟೆಯ ಮರೆಯಲ್ಲಿ ಕಿವಿ ಮುಚ್ಚಿಕೊಂಡು ಕೂತೆ. ಅಮ್ಮ ಬಂದು ಭುಜ ಹಿಡಿದೆಬ್ಬಿಸಿದಾಗ ಕತೆ ಮುಗಿದಿತ್ತು. ತಾಯವ್ವ ಅಪ್ಪನ ಕಾಲು ಮುಟ್ಟಿ ನಮಸ್ಕರಿಸುತ್ತಿದ್ದಳು. ಬೀದಿಯಲ್ಲಿ ಯಾರೂ ನಗುತ್ತಿರಲಿಲ್ಲ.

ಮುಂದೆ ನಾನು ಇಂಗ್ಲಿಷ್ ಕಲಿತೆ, ಮೂರು ಸಂಪುಟವನ್ನೂ ಓದಿದೆ. ನೈಲ್ ನದಿ ಎಲ್ಲಿ ಹುಟ್ಟಿ ಎಲ್ಲಿ ಕಡಲು ಸೇರುತ್ತದೆಂದು ಬಲ್ಲೆ. ಆ ಯಾತ್ರಿಕರು ಕಾಶಿ ಮುಟ್ಟಿದ್ದು ಹೇಗೆಂದು ಹೇಳಲು ಈಗ ಅಪ್ಪನೂ ಇಲ್ಲ, ತಾಯವ್ವನೂ ಇಲ್ಲ.