ಗಂಜಿ ಕುಡಿಸುತ್ತಿದ್ದ ಕಪ್ಪೆ

ಪುರಂದರನಿಗೆ ಮೂವತ್ತೇಳು ವರ್ಷ ತುಂಬಿದ್ದರೂ ಒಂದು ಕಾರ್ಟೂನಿನ ಹುಚ್ಚು ಬಿಟ್ಟಿರಲಿಲ್ಲ. ಕಪ್ಪೆ ಡೋಲು ಬಡಿಯುತ್ತಿತ್ತು, ನರಿ ಪಿಟೀಲು ಕುಯ್ಯುತ್ತಿತ್ತು, ಆಮೆ ಕೊಳಲು ಊದುತ್ತಿತ್ತು. ಮೂವರೂ ಸೇರಿ ಅಚ್ಚ ಕನ್ನಡದಲ್ಲಿ ಹಾಡುತ್ತಿದ್ದರು. ಊರಾದ ಕಾಪುವಿನಲ್ಲಿ ತಾನು ಏಳು ವರ್ಷದವನಿದ್ದಾಗ ಶನಿವಾರ ಬೆಳಿಗ್ಗೆ ಟೀವಿಯಲ್ಲಿ ಬರುತ್ತಿತ್ತೆಂದು ಅವನು ಎದೆ ತಟ್ಟಿ ಹೇಳುತ್ತಿದ್ದ. ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಅವನ ಆಫೀಸಿನಲ್ಲಿ ನಿರಂಜನ ಎಂಬ ಮೈಸೂರಿನವನಿದ್ದ. ಕಪ್ಪೆ ಗಂಜಿಯ ಮೇಲೆ ಹಾಡು ಹೇಳುವ ಕಾರ್ಟೂನನ್ನು ಯಾವ ಸರ್ಕಾರಿ ಟೀವಿಯೂ ತೋರಿಸಿರಲಾರದು ಎಂದು ಅವನು ನಕ್ಕಾಗ ಪುರಂದರ ಎರಡು ದಿನ ಅವನೊಂದಿಗೆ ಚಹಾ ಕುಡಿಯಲಿಲ್ಲ. ಯೂಟ್ಯೂಬಿನಲ್ಲಿ ಹುಡುಕಿ ಹುಡುಕಿ ಸೋತಿದ್ದ.

ಆ ಶನಿವಾರ ಅವನು ಮಗಳು ಅಮಿತಾಳನ್ನು ಕೂರಿಸಿಕೊಂಡು ಮನೆಯಿದ್ದ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ದುಬೈಗೆ ಹೊರಟದ್ದು ಕಾರ್ಟೂನಿಗಾಗಿ ಅಲ್ಲ. ಅಲ್ ಬರ್ಷಾದಲ್ಲಿ ಅವನ ಅಕ್ಕ ವಸಂತಿ ಇದ್ದಳು. ಹನ್ನೊಂದು ವರ್ಷದಿಂದ ಒಂದು ನರ್ಸರಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಲ್ಪರ್. ಅಳುವ ಮಗು ಯಾವ ದೇಶದ್ದೇ ಇರಲಿ, ಅವಳ ಸೊಂಟಕ್ಕೆ ಏರಿದರೆ ಸುಮ್ಮನಾಗುತ್ತಿತ್ತು. ಈಗ ಬಂದ ಹೊಸ ಮ್ಯಾನೇಜರಿಗೆ ಸೊಂಟ ಸಾಲದು, ಸರ್ಟಿಫಿಕೇಟು ಬೇಕು. ಹತ್ತನೇ ತರಗತಿ ಮುಗಿಸದವರು ಭಾನುವಾರದೊಳಗೆ ಶಾಲೆ ಬಿಟ್ಟ ಕಾರಣ ಬರೆದು ಕೊಡಬೇಕು, ಉಳಿಸಿಕೊಳ್ಳುವುದೋ ಬಿಡುವುದೋ ಆಮೇಲೆ ನೋಡೋಣ ಎಂದಿದ್ದರು. ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಗಂಡನಿಲ್ಲದ ಅಕ್ಕ ಊರಿಗೆ ಹೋಗಿ ಮಾಡುವುದೇನು? ಇಂಗ್ಲಿಷಿನಲ್ಲಿ ಅರ್ಜಿ ತುಂಬಿಸಿ ಕೊಡು ಎಂದು ಅವಳು ತಮ್ಮನನ್ನು ಕರೆದಿದ್ದಳು.

ಅರ್ಜಿ ತುಂಬಿಸುವುದೆಂದರೆ ಪುರಂದರನಿಗೆ ನೀರು ಕುಡಿದಷ್ಟು ಸಲೀಸು. ಶಾಲೆ ಬಿಟ್ಟ ಕಾರಣ ಎಂಬ ಜಾಗಕ್ಕೆ ಬಂದಾಗ ತಲೆ ಎತ್ತಲೂ ಇಲ್ಲ. ಆ ಕತೆ ಮನೆಯವರಿಗೆಲ್ಲ ಬಾಯಿಪಾಠವಾಗಿತ್ತು. ಒಂಬತ್ತನೇ ತರಗತಿಯಲ್ಲಿ ಲೆಕ್ಕದ ಪರೀಕ್ಷೆಗೆ ಹೆದರಿ ವಸಂತಿ ಶಾಲೆ ಬಿಟ್ಟವಳು. ಮದುವೆ ಮನೆಗಳಲ್ಲಿ ಅದನ್ನು ಹೇಳಿ ಜನರನ್ನು ನಗಿಸಿದವನೇ ಇವನು. ಅವತ್ತೂ ಮಗಳ ಮುಂದೆ ಮತ್ತೊಮ್ಮೆ ಹೇಳಿ ನಗಿಸಿದ. ಕಾಗದದ ಮೇಲೆ ಮಾತ್ರ ಗೌರವದಿಂದ, ಓದಿನಲ್ಲಿ ಆಸಕ್ತಿ ಇರಲಿಲ್ಲ ಎಂದು ಬರೆದ. ವಸಂತಿ ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿ, ಸಹಿ ಹಾಕಿ, ಮೀನು ತೊಳೆಯಲು ಒಳಗೆ ಹೋದಳು.

ಅಮಿತಾ ರಿಮೋಟು ಹಿಡಿದು ಚಾನೆಲ್ ತಿರುಗಿಸುತ್ತಿದ್ದಳು. ಒಂದು ಅರಬ್ಬಿ ಚಾನೆಲಿನಲ್ಲಿ ಬಣ್ಣ ಮಾಸಿದ ಹಳೆಯ ಕಾರ್ಟೂನು ಬಂತು. ಕಪ್ಪೆ ಡೋಲು ಎತ್ತಿಕೊಂಡಿತು. ಪುರಂದರನ ಕೈಯ ಪೆನ್ನು ಕೆಳಗೆ ಬಿತ್ತು. ಅದೇ ಕಪ್ಪೆ, ಅದೇ ಬಾಲ ಮೋಟಾದ ನರಿ, ಅದೇ ರಾಗ. ಆದರೆ ಮಾತೆಲ್ಲ ಅರಬ್ಬಿ. ಫ್ರಾಗ್ ಯಾಕೆ ಕನ್ನಡ ಹೇಳುತ್ತಿಲ್ಲ ಎಂದು ಮಗಳು ಇಂಗ್ಲಿಷಿನಲ್ಲಿ ಕೇಳಿದಳು. ಅಷ್ಟರಲ್ಲಿ ಅಡುಗೆಮನೆಯಿಂದ, ಆ ರಾಗದ ಮೇಲೆ ಸರಿಯಾಗಿ, ಹಾಡು ಬಂತು.

"ಡೋಲು ಬಡಿ ಕಪ್ಪಣ್ಣ, ಗಂಜಿ ಕುಡಿ ಚಿಕ್ಕಣ್ಣ, ಒಂದು ಗುಟುಕು ಕಷಾಯ, ಹೋಯ್ತು ನೋಡು ಅಪಾಯ."

ಮೂವತ್ತು ವರ್ಷ ಹುಡುಕಿದ ಹಾಡು. ಅದನ್ನು ಹಾಡುತ್ತಿದ್ದ ದನಿಯೂ ಅದೇ. ಪುರಂದರ ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ಅಕ್ಕ, ಇದು ನಮ್ಮ ಟೀವಿಯಲ್ಲಿ ಶನಿವಾರ ಬೆಳಿಗ್ಗೆ ಬರ್ತಿತ್ತಲ್ಲ?"

"ನಮ್ಮಲ್ಲಿ ಟೀವಿ ಎಲ್ಲಿತ್ತು ಮಾರಾಯ? ಶನಿವಾರ ಬೆಳಿಗ್ಗೆ ಶಾಲೆ ಬೇರೆ ಇರ್ತದೆ. ನಿಂಗೆ ನೋಡ್ಲಿಕ್ಕೆ ಹೇಗೆ ಆಗ್ತದೆ?"

ಹೌದಲ್ಲ. ಶನಿವಾರ ಎಂಟು ಗಂಟೆಗೇ ಗಂಟೆ ಹೊಡೆಯುತ್ತಿತ್ತು, ಮಧ್ಯಾಹ್ನ ರಜೆ. ಗಲ್ಫಿನ ರಜೆಯ ಶನಿವಾರಗಳು ತಲೆಯೊಳಗೆ ಕೂತು ಅಷ್ಟು ಸಣ್ಣ ಸಂಗತಿಯನ್ನು ಅಳಿಸಿಬಿಟ್ಟಿದ್ದವು. ಹಾಗಾದರೆ ಇದನ್ನು ನೋಡುವಾಗ ತಾನು ಶಾಲೆಗೆ ಹೋಗದೆ ಎಲ್ಲಿದ್ದೆ ಎಂದು ಕೇಳಿದ. ವಸಂತಿ ಮೀನಿನ ಕೈಯನ್ನು ತೊಳೆದುಕೊಂಡಳು. ಹೇಳಲೋ ಬೇಡವೋ ಎಂದು ಅವಳು ಯೋಚಿಸಿದ್ದು ಮುಖದಲ್ಲೇ ಕಂಡಿತು. ಆಮೇಲೆ ಎಲ್ಲ ಹೇಳಿದಳು.

ಜ್ವರ ಬಂದದ್ದು ಪುರಂದರನಿಗೆ ನೆನಪಿತ್ತು, ಹದಿನೈದು ದಿನವಿರಬಹುದು ಎಂದುಕೊಂಡಿದ್ದ. ಅದು ಒಂದು ವರ್ಷ. ಜ್ವರ ಹೃದಯಕ್ಕೆ ಇಳಿದೀತು, ಹುಡುಗ ಹಾಸಿಗೆ ಬಿಟ್ಟು ಓಡಾಡಬಾರದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಅಪ್ಪ ಮುಂಬೈಯ ಹೋಟೆಲಿನಲ್ಲಿ, ಅಮ್ಮ ಹಂಚಿನ ಕಾರ್ಖಾನೆಯಲ್ಲಿ. ಅಮ್ಮ ಕೆಲಸ ಬಿಟ್ಟರೆ ಒಲೆ ಹೊತ್ತುವುದಿಲ್ಲ. ಹದಿನಾಲ್ಕರ ವಸಂತಿ ಶಾಲೆಯ ಚೀಲ ಮೊಳೆಗೆ ತೂಗುಹಾಕಿದಳು. ಪಕ್ಕದ ಮನೆಯ ಬೀಯಮ್ಮನ ಮಗ ಅಬುಧಾಬಿಯಿಂದ ಟೀವಿ, ವೀಡಿಯೋ, ಒಂದು ಅರಬ್ಬಿ ಕ್ಯಾಸೆಟ್ಟು ತಂದಿಟ್ಟಿದ್ದ. ಶನಿವಾರ ಮಗಳ ಮನೆಗೆ ಹೋಗುವಾಗ ಬೀಯಮ್ಮ ಬೀಗದ ಕೈಯನ್ನು ವಸಂತಿಗೆ ಕೊಡುತ್ತಿದ್ದರು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಅಲ್ಲಿಗೆ ಹೋಗುತ್ತಿದ್ದಳು. ಅರ್ಥವಾಗದ ಮಾತಿಗೆ ಅವನು ಅಳುತ್ತಿದ್ದ. ಅದಕ್ಕೆ ಇವಳು ಸದ್ದು ತಗ್ಗಿಸಿ, ಆ ರಾಗಕ್ಕೆ ತಾನೇ ಮಾತು ಕಟ್ಟಿ, ಕಪ್ಪೆ ಬಾಯಿ ತೆರೆದಾಗಲೆಲ್ಲ ಹಾಡಿ, ಉಪ್ಪಿಲ್ಲದ ಗಂಜಿಯನ್ನು ಅವನ ಬಾಯಿಗೆ ಇಡುತ್ತಿದ್ದಳು.

"ಹಾಗಾದ್ರೆ ಲೆಕ್ಕಕ್ಕೆ ಹೆದರಿದ್ದು?"

"ಅದು ಅಮ್ಮ ಹೇಳಿದ್ದು. ನಿನ್ನಿಂದಾಗಿ ಅಂತ ಗೊತ್ತಾದ್ರೆ ನೀನು ಬೇಜಾರು ಮಾಡ್ಕೊಳ್ತಿ ಅಂತ. ಲೆಕ್ಕದಲ್ಲಿ ನಂಗೆ ಎಪ್ಪತ್ತೆರಡು ಇತ್ತು."

ಪುರಂದರ ಬಾಗಿಲ ಚೌಕಟ್ಟು ಹಿಡಿದುಕೊಂಡ. ಯಾರೋ ಕಪಾಳಕ್ಕೆ ಬಾರಿಸಿದ್ದರೆ ಇಷ್ಟು ಗಾಬರಿ ಆಗುತ್ತಿರಲಿಲ್ಲ. ಎಷ್ಟು ಮದುವೆಗಳಲ್ಲಿ ಹೇಳಿದ್ದ, ಎಷ್ಟು ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು, ಅವರ ನಡುವೆ ಅಕ್ಕನೂ ನಕ್ಕಿದ್ದಳಲ್ಲ. ನಾಚಿಕೆಯಿಂದ ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಮೇಜಿನ ಮೇಲೆ ಅರ್ಜಿ ಇತ್ತು. ಅವನ ದುಂಡಗಿನ ಅಕ್ಷರದಲ್ಲಿ ಆಸಕ್ತಿ ಇರಲಿಲ್ಲ, ಅದರ ಕೆಳಗೆ ವಸಂತಿಯ ಸಹಿ.

"ಇದನ್ನು ನೀನು ಓದಿಯೇ ಅಲ್ವಾ ಸಹಿ ಹಾಕಿದ್ದು?"

"ಓದಿದೆ. ನೀನು ಅಷ್ಟು ದೂರದಿಂದ ಬಂದು ಬರೆದದ್ದು, ತಪ್ಪು ಅಂತ ಹೇಗೆ ಹೇಳುದು?"

ಅವನು ಆ ಹಾಳೆಯನ್ನು ಹರಿದು ಹಾಕಿದ. ಉಳಿದಿದ್ದ ಇನ್ನೊಂದು ಖಾಲಿ ಅರ್ಜಿ ತೆಗೆದುಕೊಂಡು ಮೊದಲಿನಿಂದ ಬರೆಯಲು ಕೂತ. ಟೀವಿಯಲ್ಲಿ ಕಾರ್ಟೂನು ಮುಗಿದು ಸೋಪಿನ ಜಾಹೀರಾತು ಬರುತ್ತಿತ್ತು. ಅಮಿತಾ ಒಳಗೆ ವಸಂತಿ ಮಾಮಿಯಿಂದ ಹಾಡಿನ ಎರಡನೇ ಸಾಲು ಹೇಳಿಸಿಕೊಳ್ಳುತ್ತಿದ್ದಳು. ಕಾರಣದ ಜಾಗಕ್ಕೆ ಬಂದಾಗ, ಆಫೀಸಿನಲ್ಲಿ ದಿನಕ್ಕೆ ನೂರು ಕಾಗದ ಬರೆಯುವ ಪುರಂದರ ಎರಡು ಸಲ ಪೆನ್ನು ಎತ್ತಿ ಇಟ್ಟ. ತಮ್ಮನಿಗೆ ಕಾಯಿಲೆಯಾಗಿತ್ತು, ಅವನನ್ನು ಉಳಿಸಿಕೊಳ್ಳಲು ಶಾಲೆ ಬಿಟ್ಟೆ ಎಂದು ಬರೆದ. ಅಕ್ಕ ಸಹಿ ಹಾಕಿದ ಮೇಲೆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಅರ್ಜಿಯಲ್ಲಿ ಜಾಗವೇ ಇಲ್ಲದ ಅಂಚಿನಲ್ಲಿ ಇನ್ನೊಂದು ಸಾಲು ಸೇರಿಸಿದ. ಆ ತಮ್ಮ ನಾನೇ, ಬೇಕಾದರೆ ಬಂದು ಹೇಳುತ್ತೇನೆ.