ಹ್ಯಾಂಡ್‌ಶೇಕ್ ಅಂದರೆ ಏನು

ಮೋಡೆಮ್ಮುಗಳು ಚನ್ನಪಟ್ಟಣದ ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿಗೆ ಬಂದ ದಿನ ನಾನು ಮಧ್ಯಾಹ್ನ ಊಟವನ್ನೇ ಮಾಡಲಿಲ್ಲ. ಡಬ್ಬಿಯಲ್ಲಿದ್ದ ಚಿತ್ರಾನ್ನ ಹೋದ ಹಾಗೇ ಸಂಜೆ ಮನೆಗೆ ವಾಪಸ್ಸು ಬಂತು. ಒಂದೊಂದೇ ರಟ್ಟಿನ ಪೆಟ್ಟಿಗೆ ಬಿಚ್ಚಿ, ಥರ್ಮಕೋಲ್ ಸರಿಸಿ, ಮೋಡೆಮ್ಮನ್ನು ಕೈಗೆತ್ತಿಕೊಂಡು, ಹಿಂದಿನ ತೂತುಗಳನ್ನು ಎಣಿಸಿ, ಮುಂದಿನ ದೀಪಗಳ ಕೆಳಗಿನ ಅಕ್ಷರ ಓದಿ ಮತ್ತೆ ಒಳಗಿಡುತ್ತಿದ್ದೆ. ಸೀರೆ ಅಂಗಡಿಯಲ್ಲೂ ನಾನು ಅಷ್ಟು ಹೊತ್ತು ಕೂತವಳಲ್ಲ. ರಾಮನಗರ ಆಗಿನ್ನೂ ಜಿಲ್ಲೆಯಾಗಿರಲಿಲ್ಲ. ಹೆದ್ದಾರಿಯ ಪಕ್ಕದಲ್ಲಿ ಹೊಸ ಕಾರ್ಖಾನೆಗಳು ಏಳುತ್ತಿದ್ದವು, ಅಲ್ಲಿಂದ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಬ್ರಾಡ್‌ಬ್ಯಾಂಡ್ ಯಾವಾಗ ಎಂದು ಕೇಳುತ್ತಿದ್ದರು. ಈಗ ಅದು ನನ್ನ ಮೇಜಿನ ಮೇಲೇ ಇತ್ತು.

ನಾನು ಕೆಲಸಕ್ಕೆ ಸೇರಿದ್ದು ಟ್ರಂಕ್ ಬೋರ್ಡಿಗೆ. ಕನಕಪುರ ಕೇಳಿದವರಿಗೆ ಕನಕಪುರ, ಮಾಗಡಿ ಕೇಳಿದವರಿಗೆ ಮಾಗಡಿ, ತಂತಿ ಚುಚ್ಚಿ ಕೊಡುವುದು. ನೇರ ಡಯಲ್ ಮಾಡುವ ಕಾಲ ಬಂದಾಗ ಬೋರ್ಡು ಗುಜರಿಗೆ ಹೋಯಿತು, ನಾನು ದೂರಿನ ಪುಸ್ತಕದ ಮುಂದೆ ಕೂತೆ. ‘ಫೋನ್ ಡೆಡ್’ ಎಂಬ ಎರಡು ಪದವನ್ನು ಹತ್ತು ವರ್ಷ ಬರೆದೆ. ಹಾಗಾಗಿ ಬೆಂಗಳೂರಿನಲ್ಲಿ ಮೂರು ದಿನದ ತರಬೇತಿ ಎಂದಾಗ ಯಾರೂ ಕೈ ಎತ್ತುವ ಮೊದಲೇ ನಾನು ಎತ್ತಿದ್ದೆ. ಅಲ್ಲಿಂದ ಒಂದು ದಪ್ಪ ಇಂಗ್ಲಿಷ್ ಪುಸ್ತಕವನ್ನೂ ಅದಕ್ಕಿಂತ ದಪ್ಪ ಜಂಬವನ್ನೂ ಹೊತ್ತು ತಂದೆ.

ತಂದ ಜಂಬಕ್ಕೆ ತಕ್ಕ ಕೆಲಸವೂ ಸಿಕ್ಕಿತು. ನಮ್ಮ ಏಳು ಜನ ಲೈನ್‌ಮನ್‌ಗಳಿಗೆ ಹತ್ತು ದಿನದಲ್ಲಿ ಬ್ರಾಡ್‌ಬ್ಯಾಂಡಿನ ಪಾಠ ಹೇಳಬೇಕು, ಹನ್ನೊಂದನೆಯ ದಿನ ಮೈಸೂರಿನಿಂದ ಸಾಹೇಬರು ಬಂದು ಪರೀಕ್ಷೆ ಮಾಡುತ್ತಾರೆ, ಪಾಸಾದವರ ಕೈಗೆ ಲೈನು, ಫೇಲಾದವರು ಮಾಗಡಿ ಕಡೆಯ ಕೇಬಲ್ ಉಗ್ರಾಣಕ್ಕೆ ಕಾವಲು. ಇದನ್ನು ಹೇಳಿದ ನಮ್ಮ ಅಧಿಕಾರಿ, ಎಲ್ಲ ನಿಮ್ಮ ಕೈಯಲ್ಲಿದೆ ಮೇಡಂ ಎಂದು ನಗುತ್ತಾ ಹೋದರು.

ಕರಿ ಹಲಗೆಯ ಮೇಲೆ ದೊಡ್ಡದಾಗಿ ಬರೆದೆ: ಮೋಡೆಮ್, ಪೋರ್ಟ್, ಸ್ಪ್ಲಿಟರ್, ಪ್ಯಾಕೆಟ್, ಹ್ಯಾಂಡ್‌ಶೇಕ್. ಮಾಹಿತಿಯೆಲ್ಲ ಸಣ್ಣ ಸಣ್ಣ ಪ್ಯಾಕೆಟ್ಟುಗಳಾಗಿ ಹೋಗುತ್ತದೆ ಎಂದೆ. ಹಿಂದಿನ ಬೆಂಚು ಗೊಳ್ಳೆಂದಿತು. ಆಗಿನ್ನೂ ಸಾರಾಯಿ ಬಂದ್ ಆಗಿರಲಿಲ್ಲ, ನಮ್ಮ ಸೀಮೆಯಲ್ಲಿ ಪ್ಯಾಕೆಟ್ ಅಂದರೆ ಅದೊಂದೇ. ದಾರಿಯಲ್ಲಿ ಕೆಲವು ಪ್ಯಾಕೆಟ್ ಕಳೆದುಹೋಗುವುದೂ ಉಂಟು ಎಂದು ಪುಸ್ತಕದಲ್ಲಿದ್ದದ್ದನ್ನೇ ಹೇಳಿದೆ. ಕಳೆದುಹೋಗುವುದಲ್ಲ, ಯಾರ ಹೊಟ್ಟೆಗೆ ಹೋಯಿತೆಂದು ನಮಗೆ ಗೊತ್ತು ಎಂದು ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಆ ದಿನದ ಪಾಠ ಅಲ್ಲಿಗೆ ಮುಗಿಯಿತು. ಸಿಟ್ಟು ಬಂದರೂ ನನಗೂ ನಗು ತಡೆಯಲಾಗಲಿಲ್ಲ.

ಆರು ಜನ ಹೇಗೋ ದಡ ಸೇರುವವರೇ. ನನ್ನ ತಲೆನೋವು ಏಳನೆಯವರು. ಐವತ್ತೈದರ ಮೇಲಾಗಿತ್ತು, ಬೈರಮಂಗಲದ ಕೆರೆಯ ಕೆಳಗೆ ಒಂದಿಷ್ಟು ಜಮೀನಿದ್ದ ಒಕ್ಕಲು ಮನೆಯವರು, ಇಪ್ಪತ್ತೆಂಟು ವರ್ಷದಿಂದ ಲೈನ್‌ಮನ್. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಗೊಂಬೆ ಮಾಡುವವರ ಬೀದಿಗಳ ಲೈನೆಲ್ಲ ಅವರದು. ಲೈನ್ ಪರೀಕ್ಷಿಸುವ ಫೋನನ್ನು ತಂತಿಗೆ ಸಿಕ್ಕಿಸಿ ಕಿವಿಗಿಟ್ಟರೆ ಸಾಕು, ಇದು ನೀರು ಕುಡಿದ ಜಾಯಿಂಟು, ಇದು ಇಲಿ ಕಡಿದದ್ದು, ಇದು ಬಿಲ್ ಕಟ್ಟದೆ ನಾವೇ ಕಡಿದದ್ದು ಎಂದು ಹೇಳುತ್ತಿದ್ದರು. ಅಂಥ ಮನುಷ್ಯನಿಗೆ ನನ್ನ ಇಂಗ್ಲಿಷ್ ಪದಗಳು ಕಬ್ಬಿಣದ ಕಡಲೆ. ಹ್ಯಾಂಡ್‌ಶೇಕ್ ಎಂಬ ಪದಕ್ಕೆ ಪುಸ್ತಕದಲ್ಲಿ ಮೂರು ಸಾಲಿನ ವಿವರಣೆ ಇತ್ತು. ಅದನ್ನು ಉರು ಹೊಡೆಸಲು ನಾಲ್ಕು ದಿನ ಹೆಣಗಿದೆ. ಮೊದಲ ಸಾಲು ಬಂದರೆ ಎರಡನೆಯದು ಬರದು, ಎರಡನೆಯದು ಬಂದರೆ ಮೊದಲನೆಯದು ಮಾಯ.

ಐದನೆಯ ದಿನ ನನ್ನ ಮೂಗಿನ ತುದಿಯ ಕೋಪ ಕೈಗಿಳಿಯಿತು. ಬಳಪ ಎಸೆದೆ. ಅದು ಬೆಂಚಿನ ಕೆಳಗೆ ಉರುಳಿತು. ತಂದೆಯ ವಯಸ್ಸಿನ ಆ ಮನುಷ್ಯ ಬಗ್ಗಿ, ಬಳಪ ಎತ್ತಿ, ಧೂಳು ಒರೆಸಿ ನನ್ನ ಕೈಗೆ ಕೊಟ್ಟರು.

“ಸಿಟ್ಟಾಗ್ಬ್ಯಾಡ ಕಣವ್ವ. ಈ ಲೈನ್ ಬುಟ್ರೆ ನಂಗಿನ್ನೇನ್ ಗೊತ್ತೈತೆ? ಉಗ್ರಾಣದಾಗೆ ಕೂತ್ಕಂಡು ಯಾರನ್ನ ಮಾತಾಡಿಸ್ಲಿ?”

ನಾಚಿಕೆಯಿಂದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂದಿನಿಂದ ಅವರ ಪರೀಕ್ಷೆ ನನ್ನದೂ ಆಯಿತು. ಮಿಕ್ಕ ಐದು ದಿನ, ಎಲ್ಲರೂ ಹೋದ ಮೇಲೆ ಒಂದು ಗಂಟೆ ಅವರನ್ನು ಕೂರಿಸಿಕೊಂಡು ಗಿಣಿಪಾಠ ಹೇಳಿದೆ. ಕೊನೆಯ ದಿನ ಮೂರೂ ಸಾಲು ಒಟ್ಟಿಗೆ ಬಂದವು. ನಾನು ಕುಣಿಯುವುದೊಂದು ಬಾಕಿ.

ಪರೀಕ್ಷೆಯ ದಿನ ಸಾಹೇಬರು ಒಬ್ಬೊಬ್ಬರನ್ನೇ ಒಳಗೆ ಕರೆದರು. ಕನ್ನಡಕದ, ಮಿತಮಾತಿನ ಮನುಷ್ಯ. ನಾನು ಕಿಟಕಿಯ ಹೊರಗೆ ನಿಂತೆ. ಆರು ಜನರದೂ ಆಯಿತು. ಅಣ್ಣನಿಗೆ ಮೋಡೆಮ್, ಪೋರ್ಟ್ ಹೇಗೋ ದಾಟಿದವು. ಆಮೇಲೆ ಸಾಹೇಬರು ಹ್ಯಾಂಡ್‌ಶೇಕ್ ಅಂದರೆ ಏನು ಎಂದು ಕೇಳಿದರು. ಅಣ್ಣ ಬಾಯಿ ತೆರೆದರು, ಮುಚ್ಚಿದರು. ಕಿಟಕಿಯಾಚೆ ನಾನು ತುಟಿ ಅಲ್ಲಾಡಿಸಿ ಮೊದಲ ಪದ ತೋರಿಸಿದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಎದ್ದು ನಿಂತು, ಹೆಗಲ ಮೇಲಿನ ಟವಲ್ಲು ತೆಗೆದು ಕೊಡವಿ, “ಸಾ, ಒಸಿ ಕೈ ಕೊಡಿ” ಎಂದರು. ಸಾಹೇಬರು ಗಾಬರಿಯಲ್ಲೇ ಕೈ ಚಾಚಿದರು. ಅಣ್ಣ ಆ ಕೈ ಹಿಡಿದು ಮೇಲೆ ಟವಲ್ಲು ಮುಚ್ಚಿದರು.

“ದನದ ಸಂತೇಲಿ ದಲ್ಲಾಳಿಗಳು ಹಿಂಗೆ ಟವಲ್ ಕೆಳಗೆ ಬೆರಳು ಒತ್ತಿ ರೇಟ್ ಮಾತಾಡ್ತಾರಲ್ಲ ಸಾ, ಅದೇಯಾ. ಮೋಡೆಮ್ಮು ಒಂದು ಕೈ, ನಮ್ಮ ಎಕ್ಸ್‌ಚೇಂಜಿನ ಮಿಷಿನ್ನು ಇನ್ನೊಂದು ಕೈ. ಇಷ್ಟು ಸ್ಪೀಡ್ ಕೊಡ್ಲಾ ಅಂತ ಅದು ಒತ್ತುತದೆ. ಇಲ್ಲ ಕಣಪ್ಪ, ಲೈನ್ ಹಳೇದು, ಒಸಿ ಇಳ್ಸು ಅಂತ ಇದು ಒತ್ತುತದೆ. ಯಾಪಾರ ಕುದುರೋಗಂಟ ದೀಪ ಮಿಟುಕ್ತದೆ, ಕುದುರುದ್ರೆ ನಿಂತ್ಕತದೆ.”

ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಎಲ್ಲ ಮುಗಿಯಿತು, ಮೂರು ಸಾಲೂ ಗಾಳಿಗೆ ಹೋದವು ಎಂದುಕೊಂಡೆ. ಆದರೆ ಆ ದೀಪ ಯಾಕೆ ಮಿಟುಕುತ್ತದೆ, ಒಬ್ಬರ ಮನೆಯಲ್ಲಿ ವೇಗ ಹೆಚ್ಚು ಇನ್ನೊಬ್ಬರ ಮನೆಯಲ್ಲಿ ಕಡಿಮೆ ಯಾಕೆ ಎಂಬುದು ನಿಜವಾಗಿ ನನ್ನ ತಲೆಗೆ ಹೊಕ್ಕಿದ್ದು ಆಗ. ಅಷ್ಟು ದಿನ ಪಾಠ ಹೇಳಿದ ನನಗೇ ಅದು ಗೊತ್ತಿರಲಿಲ್ಲ!

ಸಾಹೇಬರು ಮಾತ್ರ ಮೆಲ್ಲಗೆ ಕೈ ಬಿಡಿಸಿಕೊಂಡು, ಇದು ಪುಸ್ತಕದಲ್ಲಿಲ್ಲ ಎಂದರು. ಇದಕ್ಕೆ ಮಾರ್ಕ್ಸ್ ಕೊಡುವುದು ಹೇಗೆಂದು ತಿಳಿಯುತ್ತಿಲ್ಲ, ಒಂದು ಮನೆಗೆ ಹೋಗಿ ಕನೆಕ್ಷನ್ ಕೊಡಲಿ, ದೀಪ ಮಿಟುಕದೆ ಉರಿದು ನಿಂತರೆ ಪಾಸು, ಇಲ್ಲದಿದ್ದರೆ ಇಲ್ಲ ಎಂದರು.

ಆ ಮನೆ ಅಣ್ಣನ ಲೈನಿನಲ್ಲೇ ಇದ್ದ ಒಬ್ಬ ಗೊಂಬೆ ತಯಾರಕರದು. ಮುಂದೆ ಮನೆ, ಹಿಂದೆ ಮರ ಕಡೆಯುವ ಶೆಡ್ಡು. ಬುಗುರಿ, ಗಿಲಕಿಗಳ ಫೋಟೋವನ್ನು ದೂರದ ವ್ಯಾಪಾರಿಗಳಿಗೆ ಇಂಟರ್ನೆಟ್ಟಿನಲ್ಲಿ ಕಳಿಸಬೇಕೆಂದು ಅವರು ಎಲ್ಲರಿಗಿಂತ ಮೊದಲು ಅರ್ಜಿ ಹಾಕಿದ್ದರು. ನಡುಮನೆಯಲ್ಲಿ ಹೊಸ ಕಂಪ್ಯೂಟರಿಗೆ ಕುಂಕುಮ ಇಟ್ಟು ಮೇಲೆ ಹೂವಿನ ಚಿತ್ರದ ಬಟ್ಟೆ ಹೊದಿಸಿದ್ದರು. ಗೊಂಬೆಗೆ ಬಳಿಯುವ ಅರಗಿನ ವಾಸನೆ ಮನೆಯೊಳಗೂ ಬರುತ್ತಿತ್ತು.

ಅಣ್ಣ ಗೋಡೆಗೆ ಸ್ಪ್ಲಿಟರ್ ಕೂರಿಸಿದರು. ಮಾತಿಗೊಂದು ದಾರಿ, ಇಂಟರ್ನೆಟ್ಟಿಗೊಂದು ದಾರಿ ಮಾಡಿಕೊಡುವ ಪುಟ್ಟ ಡಬ್ಬಿ ಅದು. ಒಂದು ತೂತಿಗೆ ಫೋನು, ಇನ್ನೊಂದಕ್ಕೆ ಮೋಡೆಮ್ಮು. ತಪ್ಪೇನೂ ಇರಲಿಲ್ಲ, ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದೆ. ದೀಪ ಮಿಟುಕಿತು. ಮಿಟುಕಿ ಮಿಟುಕಿ ನಿಂತಿತು. ಮನೆಯಾಕೆ ಚಪ್ಪಾಳೆ ತಟ್ಟುವಷ್ಟರಲ್ಲಿ ಮತ್ತೆ ಮಿಟುಕತೊಡಗಿತು. ತಂತಿ ಬದಲಾಯಿಸಿದರು. ಮೋಡೆಮ್ಮು ಬದಲಾಯಿಸಿದರು. ನಿಲ್ಲುವುದು, ಬೀಳುವುದು, ಮತ್ತೆ ನಿಲ್ಲುವುದು. ಸಾಹೇಬರು ಗಡಿಯಾರ ನೋಡಿಕೊಂಡರು.

ಅಣ್ಣ ಲೈನ್ ಪರೀಕ್ಷಿಸುವ ಫೋನನ್ನು ತಂತಿಗೆ ಸಿಕ್ಕಿಸಿ ಕಿವಿಗಿಟ್ಟು ಕಣ್ಣು ಮುಚ್ಚಿದರು. ತುಂಬ ಹೊತ್ತು ಕೇಳಿದರು. ಕಣ್ಣು ತೆರೆದಾಗ ಅವರ ಮುಖದ ಬಣ್ಣವೇ ಬೇರೆಯಾಗಿತ್ತು. ಏನೋ ತಿಳಿದಿದೆ, ಆದರೆ ಹೇಳುತ್ತಿಲ್ಲ ಎಂದು ನನಗೆ ಗೊತ್ತಾಯಿತು. ಹತ್ತಿರ ಹೋಗಿ ಏನಣ್ಣ ಎಂದೆ.

“ಟವಲ್ಲೊಳಗೆ ಮೂರ್ನೇ ಕೈ ಐತೆ ಕಣವ್ವ” ಎಂದರು, ನನಗಷ್ಟೇ ಕೇಳುವಂತೆ. “ಅದ್ನ ಇಕ್ಕಿದೋನು ನಾನೇಯಾ.”

ನನಗೆ ಅರ್ಥವಾಗದ್ದು ಕಂಡು ಪಿಸುದನಿಯಲ್ಲೇ ಬಿಡಿಸಿ ಹೇಳಿದರು. ಕೆಲವು ವರ್ಷದ ಹಿಂದೆ, ಶೆಡ್ಡಿನಲ್ಲಿ ಮೋಟಾರಿನ ಸದ್ದಿಗೆ ಮನೆಯ ಫೋನು ಕೇಳಿಸುವುದಿಲ್ಲವೆಂದು ಮಾಲೀಕರು ಗೋಗರೆದಾಗ, ಅಣ್ಣ ಅದೇ ಲೈನಿನಿಂದ ಒಂದು ತಂತಿ ಎಳೆದು ಶೆಡ್ಡಿಗೊಂದು ಫೋನು ಹಾಕಿಕೊಟ್ಟಿದ್ದರು. ಪ್ಯಾರಲಲ್ ಫೋನು. ಅರ್ಜಿ ಇಲ್ಲ, ದಾಖಲೆ ಇಲ್ಲ, ಒಂದು ಲೋಟ ಮಜ್ಜಿಗೆಯ ವಿಶ್ವಾಸಕ್ಕೆ ಮಾಡಿದ ಕೆಲಸ. ಆ ತಂತಿ ಸ್ಪ್ಲಿಟರಿಗಿಂತ ಹಿಂದೆಯೇ ಕವಲೊಡೆದಿತ್ತು. ಅಲ್ಲಿಂದ ಬರುವ ಗೊರಗೊರ ಸದ್ದು ವ್ಯಾಪಾರವನ್ನು ಕುದುರಲು ಬಿಡುತ್ತಿರಲಿಲ್ಲ. ಸುಮ್ಮನಿದ್ದರೆ ಅಣ್ಣ ಫೇಲು. ಬಾಯಿ ಬಿಟ್ಟರೆ ಕಳ್ಳ ಕನೆಕ್ಷನ್ ಕೊಟ್ಟ ಅಪವಾದ. ಹೇಳಿ ಎನ್ನಲೇ, ಬೇಡ ಎನ್ನಲೇ?

ಅಣ್ಣ ಸಾಹೇಬರ ಮುಂದೆ ಹೋಗಿ ನಿಂತರು.

“ಸಾ, ಹಿಂದ್ಗಡೆ ಶೆಡ್ಡಾಗೆ ಒಂದು ಫೋನೈತೆ. ಪುಸ್ತಕದಾಗಿಲ್ಲ. ನಾನೇ ಹಾಕ್ಬುಟ್ಟಿದ್ದೆ.”

ಎಲ್ಲರೂ ಹಿಂದಕ್ಕೆ ನಡೆದೆವು. ಕಂಬವೊಂದಕ್ಕೆ ಮೊಳೆ ಹೊಡೆದು ನೇತುಹಾಕಿದ್ದ ಫೋನು ಮರದ ಹೊಟ್ಟಿನಿಂದ ತುಂಬಿ ಯಾವ ಬಣ್ಣದ್ದೆಂದು ತಿಳಿಯದಂತಾಗಿತ್ತು. ಮಾಲೀಕರಿಗೇ ಅದು ಮರೆತುಹೋಗಿತ್ತಂತೆ. ಅಣ್ಣ ತಂತಿ ಬಿಚ್ಚಿದರು. ನಾನು ನಡುಮನೆಗೆ ಓಡಿದೆ, ಮೂವತ್ತೆಂಟರ ವಯಸ್ಸಿನಲ್ಲಿ, ಸೀರೆಯ ನೆರಿಗೆ ಎತ್ತಿ ಹಿಡಿದು. ದೀಪ ಮಿಟುಕುತ್ತಿತ್ತು. ಮಿಟುಕಿತು, ನಿಂತಿತು. ನೂರರವರೆಗೆ ಎಣಿಸಿದೆ. ಬೀಳಲಿಲ್ಲ. ‘ನಿಂತಿದೆ, ಅಣ್ಣಾ ನಿಂತಿದೆ’ ಎಂದು ನಾನು ಕೂಗಿದ್ದು ಪಕ್ಕದ ಬೀದಿಗೂ ಕೇಳಿತ್ತೆಂದು ಆಮೇಲೆ ಹೇಳಿದರು.

ಸಾಹೇಬರು ಬಂದು ದೀಪ ನೋಡಿದರು. ತಮ್ಮ ಚೀಲದಿಂದ ಇನ್ನೊಂದು ಸ್ಪ್ಲಿಟರ್ ತೆಗೆದು ಅಣ್ಣನ ಕೈಗಿಟ್ಟು, ಶೆಡ್ಡಿನ ಫೋನಿಗೂ ಇದನ್ನು ಹಾಕಿ, ನಾಳೆ ಇವರಿಂದ ಅರ್ಜಿ ಬರೆಸಿಕೊಳ್ಳಿ ಎಂದರು. ಪಾಸೋ ಫೇಲೋ ಒಂದನ್ನೂ ಹೇಳಲಿಲ್ಲ. ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಜೀಪಿನ ಕಡೆ ಹೊರಟರು. ಅಣ್ಣ ಅವರ ಹಿಂದೆಯೇ ಹೋದರು, ನಾನು ಅಣ್ಣನ ಹಿಂದೆ.

“ಸಾ, ನನ್ ಲೈನು?”

ಸಾಹೇಬರು ಜೀಪಿನ ಬಾಗಿಲು ಹಿಡಿದು ನಿಂತರು. “ಈ ಊರಲ್ಲಿ ಪುಸ್ತಕದಲ್ಲಿಲ್ಲದ ಫೋನು ಎಲ್ಲೆಲ್ಲಿವೆ ಅಂತ ಪಟ್ಟಿ ಆಗಬೇಕು. ಹಾಕಿದವರಿಗೆ ಗೊತ್ತಿರೋ ಹಾಗೆ ಇನ್ಯಾರಿಗೆ ಗೊತ್ತಿರುತ್ತೆ? ನಾಳೆಯಿಂದ ನಿಮ್ಮ ಲೈನಲ್ಲೇ ಶುರು ಮಾಡಿ” ಎಂದರು.

ಜೀಪು ಹೋಯಿತು. ಅಣ್ಣ ಆ ಮನೆಯ ಜಗಲಿಯ ಮೇಲೆ ಕುಸಿದು ಕೂತರು. ಕಣ್ಣು ಒದ್ದೆಯಾಗಿದ್ದವು, ನನ್ನವೂ. ನಾನೂ ಪಕ್ಕದಲ್ಲಿ ಕೂತೆ. ಹೀಗೆ ಇನ್ನೆಷ್ಟು ಫೋನು ಹಾಕಿಕೊಟ್ಟಿದ್ದೀರಣ್ಣ ಎಂದು ಕೇಳಿದೆ.

ಅವರು ಬೆರಳು ಮಡಿಸುತ್ತಾ ಹೋದರು, ಎರಡೂ ಕೈಯ ಬೆರಳು ಮುಗಿದವು, ತಲೆ ಕೆರೆದುಕೊಂಡು ನನ್ನ ಮುಖ ನೋಡಿದರು.

“ಈ ಬೀದೀಲಿ ಮಾತ್ರವಾ ಕಣವ್ವ, ಇಲ್ಲ ಎಲ್ಲಾ ಸೇರ್ಸಿ ಹೇಳ್ಲಾ?”