ಎಷ್ಟಿದೆ ನೋಡಪ್ಪ

ಗ್ಯಾಸ್ ಸಿಲಿಂಡರನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡದೆ ವಿಶಾಲಾಕ್ಷಿ ಮೇಡಂ ಅನ್ನಕ್ಕೆ ಇಡುತ್ತಿರಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಸಂಪಿನ ಮುಚ್ಚಳ ಎತ್ತಿ ಇಣುಕುವುದು. ಬೈಕ್ ಹತ್ತಿದ ನನ್ನನ್ನೂ ಬಿಡುತ್ತಿರಲಿಲ್ಲ. "ಪೆಟ್ರೋಲ್ ಎಷ್ಟಿದೆ ನೋಡೋ. ಮಾಗಡಿ ರೋಡಲ್ಲಿ ತಳ್ಕೊಂಡು ನಿಂತ್ಕೋಬೇಡ." ಬಸವೇಶ್ವರನಗರದ ಅವರ ಮನೆಯ ಮಹಡಿ ಪೋರ್ಷನ್‌ನಲ್ಲಿ ನಾನು ಬಾಡಿಗೆಗಿದ್ದೆ. ಇರುವುದೆಷ್ಟು ಎಂದು ತಿಳಿಯದೆ ಕೆಲಸಕ್ಕೆ ಕೈ ಹಾಕುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. ಇನ್ನೊಂದು ನೇಮ ರಾಹುಕಾಲ. ಆ ಹೊತ್ತಿನಲ್ಲಿ ಹಾಲಿಗೆ ಹೆಪ್ಪು ಕೂಡ ಹಾಕುತ್ತಿರಲಿಲ್ಲ.

ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟು ನಿವೃತ್ತರಾದವರು. ಆಮೇಲೆ ಕಣ್ಣು ಕಾಣದ ಕಾಲೇಜು ಮಕ್ಕಳಿಗಾಗಿ ಪಾಠಗಳನ್ನು ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ನಾಲ್ಕು ವಾಕ್ಯಕ್ಕೇ ಧ್ವನಿ ಒಡೆಯತೊಡಗಿತು. "ಟ್ಯಾಂಕ್ ಖಾಲಿ ಕಣೋ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಕಂಪ್ಯೂಟರಿನಿಂದ ಪಾಠ ಓದಿಸುವ ವ್ಯವಸ್ಥೆಯನ್ನು ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ನಾನೇ ಮಾಡಿಕೊಟ್ಟೆ. ಎಲ್ಲೋ ದೂರದ ಕಂಪನಿಯೊಂದರ ಎಪಿಐ ಕೀ, ಅಂದರೆ ಅವರ ಸೇವೆಯ ಬಾಗಿಲು ತೆಗೆಯುವ ಗುಟ್ಟಿನ ಕೀಲಿ. ದಿನಕ್ಕೆ ಇಷ್ಟು ಸಲ ಬಳಸಬಹುದು ಎಂಬ ಕೋಟಾ. ಕನ್ನಡದಲ್ಲಿ ಕೇಳಿದರೆ ಕೋಟಾ ಎಷ್ಟು ಉಳಿದಿದೆ ಎಂದು ನೋಡಿ ಹೇಳುವ ಏಜೆಂಟ್ ಎಂಬ ಪ್ರೋಗ್ರಾಮನ್ನೂ ಜೊತೆಗಿಟ್ಟೆ. ಮೇಡಂ ಖುಷಿ ನೋಡಬೇಕಿತ್ತು! ಇಣುಕಿ ನೋಡಲು ಅವರಿಗೆ ಹೊಸ ಸಂಪೊಂದು ಸಿಕ್ಕಿತ್ತು. ಪಾಠಕ್ಕೆ ಮೊದಲು, ನಡುವೆ, ಕೊನೆಗೆ ಒಂದೇ ಪ್ರಶ್ನೆ: "ಎಷ್ಟಿದೆ ನೋಡಪ್ಪ?" ಅದು ಹೇಳುತ್ತಿತ್ತು, "ಮೇಡಂ, ಇನ್ನೂ ಅರ್ಧ ಇದೆ." ಅವರು ಸಮಾಧಾನದಿಂದ ಕಾಫಿಗೆ ಏಳುತ್ತಿದ್ದರು.

ಜನವರಿಯ ಒಂದು ಬುಧವಾರ ಬೆಳಿಗ್ಗೆ ಕಾಮಾಕ್ಷಿಪಾಳ್ಯದಿಂದ ಭಾಗ್ಯ ಬಂದಳು. ಹುಟ್ಟಿನಿಂದ ಕಣ್ಣಿಲ್ಲದ, ಬಿಎ ಓದುತ್ತಿದ್ದ ಹುಡುಗಿ. ಮರುದಿನವೇ ಇತಿಹಾಸದ ಪರೀಕ್ಷೆ, ಕೊನೆಯ ಮೂರು ಪಾಠ ಇನ್ನೂ ಕೇಳಿರಲಿಲ್ಲ. ಹಿಂದಿನ ಸಲ ಇದೇ ಪೇಪರಿನಲ್ಲಿ ಫೇಲಾಗಿದ್ದಳು. ಈ ಸಲವೂ ಹೋದರೆ ಓದು ಬಿಡಿಸಿ ಮನೆಯಲ್ಲಿ ಕೂರಿಸುವುದೆಂದು ಅವಳಪ್ಪ ಹೇಳಿಬಿಟ್ಟಿದ್ದರು. ಮೊದಲ ಪಾಠ ಅರ್ಧಕ್ಕೆ ಬರುವಷ್ಟರಲ್ಲಿ ಧ್ವನಿ ನಿಂತಿತು. ಪರದೆಯ ಮೇಲೆ ಕೆಂಪಕ್ಷರ: ಇವತ್ತಿನ ಕೋಟಾ ಮುಗಿಯಿತು.

ಮೇಡಂ ಕೂಗಿಗೆ ನಾನು ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಬಳಕೆಯ ಪುಟ ತೆರೆದು ನೋಡಿದರೆ ಪಾಠ ಓದಿಸಿದ್ದು ಸ್ವಲ್ಪವೇ, ಉಳಿದದ್ದೆಲ್ಲ "ಎಷ್ಟಿದೆ ನೋಡಪ್ಪ". ಏಜೆಂಟೂ ಅದೇ ಕೀಲಿಯಲ್ಲೇ ಓಡುತ್ತಿತ್ತು.

"ಕೇಳಿದ್ದಕ್ಕೂ ಕಟ್ ಮಾಡ್ತಾನೇನೋ ಅವನು?"

"ಹೌದು ಮೇಡಂ. ಪದೇ ಪದೇ ಮುಚ್ಚಳ ತೆಗೆದ್ರೆ ಇಡ್ಲಿ ಬೇಯುತ್ತಾ?"

ಅವರ ಮುಖ ಸಣ್ಣದಾಯಿತು. ನಾನೇ ಓದುತ್ತೇನೆಂದು ಪುಸ್ತಕ ತೆಗೆದುಕೊಂಡೆ. ಒಂದು ಪುಟಕ್ಕೇ ತಡೆದರು. "ನೀನು ಯಾವ ಸ್ಟಾಪಲ್ಲೂ ನಿಲ್ಲದ ಬಸ್ಸು ಕಣೋ. ಇವಳು ಹತ್ತೋದು ಹೇಗೆ?" ಭಾಗ್ಯ ಕಿಸಕ್ಕೆಂದಳು.

ಆಗ ಕೋಟಾ ಮತ್ತೆ ತುಂಬುವ ಸಮಯ ನನ್ನ ಕಣ್ಣಿಗೆ ಬಿತ್ತು. ಆ ಕಂಪನಿಯವರ ದೇಶದ ನಡುರಾತ್ರಿ, ನಮ್ಮ ಮಧ್ಯಾಹ್ನ ಒಂದೂವರೆ! ಮೇಡಂ ಓಡಿಹೋಗಿ ಗೋಡೆಯ ಕ್ಯಾಲೆಂಡರಿಗೆ ಕಣ್ಣು ಹಚ್ಚಿದರು.

"ಬುಧವಾರ! ರಾಹುಕಾಲ ಬಿಡೋದೂ ಒಂದೂವರೆಗೇ ಕಣೇ ಭಾಗ್ಯ! ನೀನು ಪಾಸ್ ಅಂತ ಬರ್ಕೋ!"

ಲೆಕ್ಕ ಅಮೆರಿಕದ್ದು ಎಂದು ನಾನು ಹೇಳಲು ಹೋಗಲಿಲ್ಲ, ನನಗೂ ಮೈ ಜುಮ್ಮೆಂದಿತ್ತು. ಮೂವರೂ ಮೊಸರನ್ನ ತಿಂದು ಗಡಿಯಾರದ ಮುಂದೆ ಕೂತೆವು. ಒಂದೂವರೆ ಹೊಡೆದದ್ದೇ ಗುಂಡಿ ಒತ್ತಿದೆ. ಧ್ವನಿ ಬಂತು! ಮೇಡಂ ಚಪ್ಪಾಳೆ ತಟ್ಟಿಬಿಟ್ಟರು. ಎರಡು ನಿಮಿಷಕ್ಕೆ ಅವರ ಬೆರಳು ಮೆಲ್ಲಗೆ ಕೀಲಿಮಣೆಯ ಕಡೆ ಹೊರಟಿತು. ಆ ಬಳೆ ಸದ್ದು ಭಾಗ್ಯಳಿಗೆ ಗೊತ್ತಾಗದೆ ಇರುತ್ತದೆಯೇ?

"ಮೇಡಂ, ಕೈ ಕಟ್ಕೊಂಡು ಕೂತ್ಕೊಳ್ಳಿ!"

ಮೂವತ್ತು ವರ್ಷ ಮಕ್ಕಳಿಗೆ ಅದನ್ನೇ ಹೇಳಿದ್ದ ಮೇಡಂ ಕೈ ಕಟ್ಟಿ ಕೂತರು. ಸಂಜೆಯವರೆಗೂ ಒಂದು ಸಲವೂ ಕೇಳಲಿಲ್ಲ. ಅದೆಂಥ ಕಷ್ಟವೆಂದು ನನಗೊಬ್ಬನಿಗೆ ಗೊತ್ತು. ಮೂರೂ ಪಾಠ ಮುಗಿದವು. ರಿಸಲ್ಟ್ ಬಂದ ದಿನ ಭಾಗ್ಯ ಬೀದಿ ತುದಿಯಿಂದಲೇ ಕೂಗಿಕೊಂಡು ಬಂದಳು: "ಪಾಸು ಮೇಡಂ, ಪಾಸು!" ಅಂದಿನಿಂದ ಮೇಡಂ ದಿನಕ್ಕೆ ಒಂದೇ ಸಲ, ಊಟ ಮುಗಿಸಿ, ಕೋಟಾ ಕೇಳುವುದು ಎಂದಾಯಿತು.

ಈ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಮೇಡಂ ಹೋಗಿಬಿಟ್ಟರು. ವೈಕುಂಠ ಸಮಾರಾಧನೆಯ ಮಾರನೆಯ ಮಧ್ಯಾಹ್ನ ಭಾಗ್ಯ ಬಂದಳು. ಜೂನಿಯರ್ ಹುಡುಗನೊಬ್ಬನಿಗೆ ಪಾಠ ಬೇಕಿತ್ತು. ಲ್ಯಾಪ್‌ಟಾಪ್ ತೆರೆದು, ಮೇಡಂ ಕೇಳುತ್ತಿದ್ದ ಹಾಗೇ ಕೇಳಿದೆ.

"ಮೇಡಂ, ಇವತ್ತಿನದು ಪೂರ್ತಿ ಇದೆ" ಎಂದಿತು.

ನನ್ನ ಕಣ್ಣು ತುಂಬಿ ಬಂತು.

"ಅಣ್ಣ, ಇನ್ನೊಂದ್ಸಲ ಕೇಳಿ" ಎಂದಳು ಭಾಗ್ಯ.

"ಸುಮ್ನೆ ವೇಸ್ಟ್ ಆಗುತ್ತೆ ಕಣೇ."

"ಆಗ್ಲಿ, ಕೇಳಿ."

ಕೇಳಿದೆ.

"ಮೇಡಂ, ಒಂದು ಕಮ್ಮಿ ಆಗಿದೆ."